ಹತ್ತದ ಕೆಂಪು ದೀಪ

ಸಾಲಗುಂದದಿಂದ ಮಸ್ಕಿಗೆ ಸೊಸೆಯಾಗಿ ಬಂದ ಕಸ್ತೂರೆಮ್ಮನಿಗೆ ಯಾವುದನ್ನೂ ಕಂಡೂ ಕಾಣದಂತೆ ಬಿಟ್ಟು ಗೊತ್ತಿರಲಿಲ್ಲ. ಬೀಸುವ ಕಲ್ಲು ಒಂದು ಮಗ್ಗುಲಿಗೆ ನುಣ್ಣಗೆ, ಇನ್ನೊಂದು ಮಗ್ಗುಲಿಗೆ ತರಿತರಿಯಾಗಿ ಹಿಟ್ಟು ಯಾಕೆ ಬೀಳಿಸುತ್ತದೆ, ಹಿತ್ತಿಲ ಬಾಗಿಲು ಮುಂಜಾನೆಯಷ್ಟೇ ಯಾಕೆ ಕಿರುಗುಟ್ಟುತ್ತದೆ ಎಂದು ಕೂತು ನೋಡುವಳು. ಗಂಡ ಮರಿಸ್ವಾಮಿ ಶೇಂಗಾ, ಹತ್ತಿಯ ವ್ಯಾಪಾರಿ. ಮಾತು ಕಡಿಮೆ, ಗುಣ ಒಳ್ಳೆಯದು. ಅತ್ತೆ ಶಿವಬಸಮ್ಮ ಎತ್ತರಕ್ಕೂ ಗಾತ್ರಕ್ಕೂ ಇಡೀ ಓಣಿಗೆ ದೊಡ್ಡ ಹೆಂಗಸು. ಆಕೆ ಪಡಸಾಲೆಯಲ್ಲಿ ನಕ್ಕರೆ ಹಿತ್ತಿಲಲ್ಲಿ ಜೋಳ ಹಸನು ಮಾಡುವವರೂ ಕಾರಣ ಕೇಳದೆ ನಗುತ್ತಿದ್ದರು. ಅತ್ತೆ ಸೊಸೆಯರಿಗೆ ಒಬ್ಬರನ್ನು ಬಿಟ್ಟು ಒಬ್ಬರಿಗೆ ಹೊತ್ತು ಹೋಗುತ್ತಿರಲಿಲ್ಲ.

ನಿಜಾಮರ ಆಳಿಕೆ ಮುಗಿದು ಮೂರು ವರ್ಷವಾಗಿತ್ತು. ಕಾಲುವೆ ಕೆಲಸಕ್ಕೆಂದು ಸಿಂಧನೂರಿಗೆ ಬಂದಿದ್ದ ಗುತ್ತೇದಾರನೊಬ್ಬ ಊರು ಬಿಡುವಾಗ ತನ್ನ ಹಳೆಯ ಹಸಿರು ಕಾರನ್ನು ಮಾರಲು ನಿಂತ. ಮರಿಸ್ವಾಮಿ ಅದನ್ನು ಕೊಂಡು, ತಾನೇ ನಡೆಸಿಕೊಂಡು ಮಸ್ಕಿಗೆ ತಂದ. ಬಜಾರಿಗೆ ಬಜಾರೇ ನೋಡಲು ನೆರೆಯಿತು. ಶಿವಬಸಮ್ಮ ಕಾರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಹಿಂದಿನ ಸೀಟಿನ ಎಡಗಡೆ ಮೂಲೆಯಲ್ಲಿ ಕೂತು, "ಇದು ನನ್ನ ಜಾಗ, ಯಾರೂ ಕೂಡಬ್ಯಾಡ್ರಿ" ಎಂದು ಸಾರಿಬಿಟ್ಟಳು. ಆ ಕಡೆಯ ಬಾಗಿಲು ಅಗಲ ತೆರೆಯುತ್ತಿತ್ತು. ಹತ್ತಿ ಇಳಿಯಲು ಆಕೆಗೆ ಅದೇ ಅನುಕೂಲ. ಕಸ್ತೂರೆಮ್ಮ ಆಕೆಯ ಪಕ್ಕದಲ್ಲಿ ಕೂತಳು. ಅಲ್ಲಿಂದ ಗಂಡನ ಹೆಗಲ ಮೇಲೆ ಹಾಯ್ದು ಮುಂದಿನ ಹಲಗೆಯ ಗಡಿಯಾರದಂಥ ಮುಳ್ಳುಗಳೂ, ಅವುಗಳ ನಡುವೆ ಕುಂಕುಮದ ಬೊಟ್ಟಿನಷ್ಟಿದ್ದ ಒಂದು ಕೆಂಪು ದೀಪವೂ ಕಾಣುತ್ತಿದ್ದವು. ಮರಿಸ್ವಾಮಿ ಚಾವಿ ತಿರುಗಿಸಿದ ಕೂಡಲೇ ಆ ದೀಪ ಹತ್ತುವುದು, ಇಂಜಿನ್ ಗುರ್ರೆಂದು ಎದ್ದ ಮೇಲೆ ಆರುವುದು.

"ಅದ್ಯಾಕ ಹತ್ತತೈತ್ರಿ?" ಎಂದು ಅವಳು ಕೇಳಿದಳು.

"ಅದು ಎಚ್ಚರಿಕಿ ದೀಪ. ಇಂಜಿನ್ ತಿರುಗಿದ್ರ ಕರೆಂಟು ಹುಟ್ಟತೈತಿ, ಆರತೈತಿ. ಓಡೂವಾಗ ಹತ್ತಿದ್ರ ಏನೋ ಕೆಟ್ಟೈತಿ ಅಂತ ತಿಳೀಬೇಕು," ಎಂದ ಮರಿಸ್ವಾಮಿ. ಗುತ್ತೇದಾರ ಅವನಿಗೆ ಹೇಳಿಕೊಟ್ಟದ್ದು ಅಷ್ಟೇ.

ಮೊದಲ ಸಲ ಕಾರು ನಿಂತದ್ದು ಬಳಗಾನೂರಿನ ನೆಂಟರ ಮನೆಗೆ ಹೊರಟ ದಿನ. ಊರು ದಾಟಿ ಹಳ್ಳದ ಉಸುಕಿಗೆ ಇಳಿದು ನಿಧಾನವಾಗಿ ಹೋಗುವಾಗ ಇಂಜಿನ್ ಒಮ್ಮೆಲೇ ಉಸಿರು ಬಿಟ್ಟು ಸುಮ್ಮನಾಯಿತು. ಮರಿಸ್ವಾಮಿ ಇಳಿದು ಹ್ಯಾಂಡಲ್ ತಿರುವಿದ, ಜಪ್ಪಯ್ಯ ಎನ್ನಲಿಲ್ಲ. ಕಡೆಗೆ ಅವನು ಸ್ಟೇರಿಂಗಿಗೆ ಕೂತ, ಉಳಿದವರೆಲ್ಲ ನೂಕಲು ಇಳಿದರು. ಶಿವಬಸಮ್ಮನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ನಿಂತಳು. ಇನ್ನೂ ನೆಟ್ಟಗೆ ನೂಕಿಯೂ ಇರಲಿಲ್ಲ, ಕಾರು ಗುರ್ರೆಂದು ಎದ್ದಿತು. ಎಲ್ಲರಿಗೂ ಖುಷಿಯೋ ಖುಷಿ. ಆದರೆ ಮರಳಿ ಬರುವಾಗ ಬಜಾರಿನ ನಟ್ಟನಡುವೆ, ಎತ್ತಿನ ಬಂಡಿಗೆ ದಾರಿ ಬಿಡಲು ವೇಗ ಇಳಿಸಿದಲ್ಲಿ, ಮತ್ತೆ ನಿಂತಿತು. ಮತ್ತೆ ಇಳಿದರು, ನೂಕಿದರು, ಎದ್ದಿತು.

ಆಮೇಲೆ ಅದೇ ರೂಢಿಯಾಯಿತು. ಒಂದು ವಾರ ಏನೂ ಇಲ್ಲ, ಒಂದೇ ದಿನ ನಾಲ್ಕು ಸಲ. ಬಯಲಲ್ಲಿ ಜೋರಾಗಿ ಓಡುವಾಗ ಬಂಗಾರದಂಥ ಗಾಡಿ. ಜನ ಇದ್ದಲ್ಲಿ, ತಿರುವಿನಲ್ಲಿ, ಹಳ್ಳದಲ್ಲಿ, ಎಲ್ಲಿ ನಿಂತರೆ ಮಾನ ಹೋಗುತ್ತದೋ ಅಲ್ಲೇ ನಿಲ್ಲುವುದು. ಮರಿಸ್ವಾಮಿ ಲಿಂಗಸುಗೂರಿಗೆ ಹೋದ. ಅಲ್ಲಿ ಹುಸೇನಬಾಷಾ ಎಂಬ ಮೇಸ್ತ್ರಿ ಇದ್ದ. ಹಟ್ಟಿಯ ಚಿನ್ನದ ಗಣಿಯ ಲಾರಿಗಳ ಕೆಳಗೆ ಅರ್ಧ ಆಯುಷ್ಯ ಮಲಗಿದವನು, ಬಿಳಿ ಗಡ್ಡ, ಕಪ್ಪು ಕೈ, ಬಾಯಿ ತುಂಬ ಚೇಷ್ಟೆ. ಅವನು ಪಾಯಿಂಟು ಉಜ್ಜಿದ, ಪ್ಲಗ್ಗು ಬದಲಿಸಿದ, ಕಾಯಿಲ್ ಬದಲಿಸಿದ, ಚಾವಿಯಿಂದ ಇಂಜಿನ್ನಿಗೆ ಹೋಗುವ ತಂತಿಗಳನ್ನೆಲ್ಲ ಹೊಸದು ಹಾಕಿದ. ಪ್ರತಿ ಸಲವೂ ಲಿಂಗಸುಗೂರಿನಲ್ಲಿ ಕಾರು ತೊಟ್ಟಿಲ ಕೂಸಿನಷ್ಟು ಒಳ್ಳೆಯದು. ಮರಿಸ್ವಾಮಿ ಒಬ್ಬನೇ ನಡೆಸಿಕೊಂಡು ಬರುವಾಗ ದಾರಿಯುದ್ದಕ್ಕೂ ಚಕಾರವಿಲ್ಲ. ಮನೆಮಂದಿ ಹತ್ತಿ ಹೊರಟರೆ ಹಳ್ಳದಲ್ಲಿ ಮತ್ತೆ ಅದೇ ಕಥೆ.

"ಧಣೇರ, ಗಾಡಿಗೇನೂ ಬ್ಯಾನಿಲ್ರಿ," ಎಂದ ಹುಸೇನಬಾಷಾ ಕಡೆಗೆ. "ನನ್ನ ಕಂಡ್ರ ಅಂಜತೈತೋ ಏನೋ. ನನ್ನದೊಂದು ಫೋಟೋ ತೂಗುಹಾಕ್ಕೊಳ್ರಿ."

ಬಜಾರಿನವರಿಗೆ ಬೇರೆ ಕಾರಣ ಸಿಕ್ಕಿತ್ತು. ಮರಿಸ್ವಾಮಿ ಒಬ್ಬನೇ ಇದ್ದಾಗ ಓಡುತ್ತದೆ, ಅವರವ್ವ ಕೂತಾಗ ನಿಲ್ಲುತ್ತದೆ ಎಂದು ಯಾರೋ ಚಹಾದಂಗಡಿಯಲ್ಲಿ ಆಡಿದರು. ಆ ಮಾತು ಓಣಿಗೆ ಬರಲು ಹೊತ್ತಾಗಲಿಲ್ಲ. ಶಿವಬಸಮ್ಮ ಕೇಳಿದಾಗ ಜೋರಾಗಿ ನಕ್ಕಳು. ಆದರೆ ಮುಂದಿನ ಸೋಮವಾರ ಗುಡ್ಡದ ಮಲ್ಲಯ್ಯನ ಗುಡಿಗೆ ಹೊರಟಾಗ, "ನಾ ನಡಕೋತ ಬರ್ತೀನಿ, ಕಾಲು ಹಗುರಾಗ್ತಾವು" ಎಂದು ಕಾರು ಹತ್ತಲಿಲ್ಲ. ಅದರ ಮುಂದಿನ ಸೋಮವಾರವೂ ಹತ್ತಲಿಲ್ಲ. ಹಿಂದಿನ ಸೀಟಿನ ಆ ಮೂಲೆ ಖಾಲಿ ಉಳಿಯಿತು, ಕಾರು ಎಲ್ಲಿಯೂ ನಿಲ್ಲದೆ ಓಡಿತು. ಅದು ನಿಲ್ಲದೆ ಓಡಿದ್ದು ಕಸ್ತೂರೆಮ್ಮನಿಗೆ ನಿಂತದ್ದಕ್ಕಿಂತ ಹೆಚ್ಚು ಬೇಜಾರು ತಂದಿತು. ಅತ್ತೆಯಿಲ್ಲದ ಕಾರಿನಲ್ಲಿ ಮಾತೂ ಇರಲಿಲ್ಲ, ನಗುವೂ ಇರಲಿಲ್ಲ. ಜನರ ಬಾಯಿಗೆ ಸಿಕ್ಕ ಅತ್ತೆಯನ್ನು ಬಿಡಿಸಬೇಕೆಂದು ಅವಳು ಹಟ ತೊಟ್ಟಳು.

ಕಾರು ಅಂಗಳದಲ್ಲಿ ಸುಮ್ಮನೆ ನಿಂತಾಗ ಹೋಗಿ ಒಳಗೆ ಕೂತಳು. ಚಾವಿ ತಿರುಗಿಸಿದಳು, ಕೆಂಪು ದೀಪ ಹತ್ತಿತು. ಚಾವಿ ತೆಗೆದಳು, ಆರಿತು. ಇಂಜಿನ್ ತಿರುಗುತ್ತಿಲ್ಲ, ಚಾವಿ ಹಾಕಿದೆ ಎಂದರೆ ದೀಪ ಹತ್ತಲೇಬೇಕು. ಹಾಗಾದರೆ ಹಳ್ಳದಲ್ಲಿ? ಅಲ್ಲಿಯೂ ಇಂಜಿನ್ ನಿಂತಿತ್ತು. ಗಂಡ ಚಾವಿ ತೆಗೆದಿರಲಿಲ್ಲ. ಅವಳು ಕಣ್ಣು ಮುಚ್ಚಿ ಆ ಹೊತ್ತನ್ನು ನೆನಪಿಗೆ ತಂದುಕೊಂಡಳು. ಗಂಡನ ಹೆಗಲು, ಮುಳ್ಳುಗಳು, ಅವುಗಳ ನಡುವೆ ಕಪ್ಪು ಬೊಟ್ಟು. ಕೆಂಪಲ್ಲ, ಕಪ್ಪು. ದೀಪ ಹತ್ತಿರಲಿಲ್ಲ!

ಮರಿಸ್ವಾಮಿ ಉಣ್ಣಲು ಬಂದಾಗ ಹೇಳಿದಳು. ಅವನು ರೊಟ್ಟಿ ಮುರಿಯುತ್ತ, "ಹತ್ತದಿದ್ರ ಛಲೋ ಆತಲ್ಲ? ಎಚ್ಚರಿಕಿ ದೀಪ ಹತ್ತಿದ್ರ ಅಂಜಬೇಕು, ಹತ್ತದಿದ್ರ ಯಾಕ ಅಂಜಬೇಕು?" ಎಂದ.

"ಹತ್ತಬೇಕಾದಾಗ ಹತ್ತಲಿಲ್ಲಂದ್ರ ಅದೂ ಎಚ್ಚರಿಕೀನ ಅಲ್ಲೇನ್ರೀ?" ಎಂದಳು ಕಸ್ತೂರೆಮ್ಮ. "ನನ್ನ ಲಿಂಗಸುಗೂರಿಗೆ ಕರ್ಕೊಂಡು ಹೋಗ್ರಿ. ಬಾಷಾ ಕಾಕಾಗ ನಾನ ಹೇಳ್ತೀನಿ."

ಮರಿಸ್ವಾಮಿಗೆ ಅಷ್ಟೇನೂ ನಂಬಿಕೆ ಬರಲಿಲ್ಲ, ಆದರೆ ಹೆಂಡತಿ ಕೇಳಿದ್ದಕ್ಕೆ ಇಲ್ಲವೆನ್ನುವ ಗಂಡಸಲ್ಲ. ಹುಸೇನಬಾಷಾ ಬೇವಿನ ಮರದ ಕೆಳಗೆ ಲಾರಿಯೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಕಸ್ತೂರೆಮ್ಮ ಮೊದಲಿನಿಂದ ಹೇಳಿದಳು: ಎಲ್ಲಿ ನಿಂತಿತು, ಯಾರ್ಯಾರು ಕೂತಿದ್ದರು, ದೀಪ ಹೇಗಿತ್ತು. ದೀಪದ ಮಾತು ಬಂದಾಗ ಬೋಲ್ಟು ಬಿಚ್ಚುತ್ತಿದ್ದ ಅವನ ಕೈಯ ಪಾನಾ ಕೆಳಗೆ ಬಿತ್ತು.

"ಅರೇ ಅಲ್ಲಾ! ಅಕ್ಕಾರ, ಇದನ್ನ ಮೊದಲ ಯಾರೂ ಹೇಳಲಿಲ್ಲಲ್ರೀ! ನಾ ಚಾವಿ ಈಚಿ ಕಡೆ ಹುಡುಕಾಕತ್ತಿದ್ದೆ. ದೀಪಾನೂ ಹತ್ತಿಲ್ಲಂದ್ರ ಚಾವಿ ತನಕ ಕರೆಂಟ ಬಂದಿಲ್ಲ. ಬ್ಯಾನಿ ಐತಿ ಬ್ಯಾಟರಿ ಕಡೆ!"

ಬ್ಯಾಟರಿ ಇದ್ದದ್ದು ಹಿಂದಿನ ಸೀಟಿನ ಕೆಳಗೆ, ಒಂದು ಕಟ್ಟಿಗೆಯ ಹಲಗೆಯ ಮೇಲೆ. ಅವನು ಸೀಟು ಎತ್ತಿ ನೋಡಿದ, ಎಳೆದು ನೋಡಿದ, ಅಲುಗಾಡಿಸಿ ನೋಡಿದ. ಮೇಲಿನಿಂದ ಕಾಣುವುದೆಲ್ಲ ಬಿಗಿ, ಎಲ್ಲ ಸ್ವಚ್ಛ. ಚಾವಿ ತಿರುಗಿಸಿದರೆ ದೀಪ ನಗುನಗುತ್ತ ಹತ್ತಿತು. ಹುಸೇನಬಾಷಾ ಗಡ್ಡ ಕೆರೆದುಕೊಂಡ. "ಬ್ಯಾನಿ ಇದ್ದಾಗ ನಾಡಿ ನೋಡಬೇಕ್ರಿ. ಇಲ್ಲದಾಗ ನೋಡಿದ್ರ ಏನ್ ತಿಳಿತೈತಿ?"

"ಹಂಗಾರ ಮಸ್ಕಿಗೆ ಬರ್ರಿ ಕಾಕಾ," ಎಂದಳು ಕಸ್ತೂರೆಮ್ಮ. "ಅದು ಇಲ್ಲಿ ನಿಲ್ಲಂಗಿಲ್ಲ. ನಮ್ಮ ಮಂದಿ ಕುಂತಾಗಷ್ಟ ನಿಲ್ತೈತಿ. ಮಂದೀನ ಕೂಡ್ಸೋಣ, ನಿಲ್ಲಸೋಣ, ಆಮ್ಯಾಲ ನೋಡೋಣ."

ತಾನು ರಿಪೇರಿ ಮಾಡಲು ಹೋದ ಗಾಡಿಯನ್ನು ಕೆಡಿಸಲು ಕರೆದವರನ್ನು ಹುಸೇನಬಾಷಾ ಈವರೆಗೆ ಕಂಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಶುಕ್ರವಾರದ ನಮಾಜು ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಜೊತೆಗೆ ಚೀಲದಲ್ಲಿ ಹತ್ಯಾರಗಳು, ಮತ್ತು ಎರಡು ತಂತಿ ಕಟ್ಟಿದ ಒಂದು ಸಣ್ಣ ಬಲ್ಬು.

ಮೊದಲು ಹಿಂದಿನ ಸೀಟಿನ ನಡುವೆ ಜೋಳದ ಚೀಲಗಳನ್ನು ಹೇರಿ ಓಡಿಸಿದರು. ಕಾರು ಹಳ್ಳ ದಾಟಿ ಹೋಯಿತು, ದಾಟಿ ಬಂತು. ಚೀಲಗಳನ್ನು ಇಳಿಸಿ ಮನುಷ್ಯರನ್ನೇ ಕೂಡಿಸೋಣವೆಂದರು. ಪುಗಸಟ್ಟೆ ಕಾರು ಸವಾರಿ ಎಂದು ತಿಳಿದದ್ದೇ ಓಣಿಯ ಹೆಂಗಸರು ಒಲೆಯ ಮೇಲಿನ ಸಾರು ಇಳಿಸಿ ಓಡಿ ಬಂದರು. ಪಕ್ಕದ ಮನೆಯ ಜಮೀಲಾಬೀ ಗಾತ್ರದಲ್ಲಿ ಶಿವಬಸಮ್ಮನಿಗೆ ಸ್ವಲ್ಪವೇ ಕಡಿಮೆ. ಅವಳು ಬಲಗಡೆ ಕೂತಳು. ಅವಳ ತೊಡೆಗೆ ಒತ್ತಿಕೊಂಡು ಕಸ್ತೂರೆಮ್ಮ. ಎದುರು ಮನೆಯ ತೆಳ್ಳನೆಯ ಪಾರ್ವತೆಮ್ಮ ಎಡಗಡೆ ಕೂತಳು. ಹುಸೇನಬಾಷಾ ಮುಂದೆ ಮರಿಸ್ವಾಮಿಯ ಪಕ್ಕ. ಊರು ಸುತ್ತಿದರು. ಹಳ್ಳಕ್ಕೆ ಇಳಿದರು, ಹತ್ತಿದರು. ಜಮೀಲಾಬೀ, "ಇನ್ನೊಂದ್ಸಲ ಹೊಡೀರಿ, ಈಗ ನಿಲ್ತದ, ನನ್ನ ಮನಸು ಹೇಳ್ತದ" ಎಂದು ಪ್ರತಿ ಸುತ್ತಿಗೂ ಹೇಳುವಳು. ಅವಳಿಗೆ ಕಾರು ನಿಲ್ಲುವುದು ಬೇಕಿತ್ತೋ, ಸವಾರಿ ಮುಗಿಯುವುದು ಬೇಡವಾಗಿತ್ತೋ! ಕಾರು ಮಾತ್ರ ನಿಲ್ಲಲಿಲ್ಲ.

ಶಿವಬಸಮ್ಮ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಕಾರು ಮತ್ತೆ ಮನೆಮುಂದೆ ಬಂದಾಗ ಕಸ್ತೂರೆಮ್ಮ ಇಳಿದು ಅತ್ತೆಯ ಹತ್ತಿರ ಹೋದಳು.

"ಬಾ ಅತ್ತಿ. ನೀ ಇಲ್ಲದ ಆಗೂದಿಲ್ಲ."

"ನಾ ಕುಂತಾಗ ಗಾಡಿ ನಿಂತ್ರ ಮಂದಿ ಏನಂತಾರ?"

"ನಿಂತ್ರ ಕಾಕಾ ಬ್ಯಾನಿ ಹಿಡೀತಾನ. ನಿಲ್ಲಲಿಲ್ಲಂದ್ರ ಮಂದಿ ಬಾಯಿ ಮುಚ್ಚತೈತಿ. ಎರಡರಾಗ ಯಾವುದಾದ್ರೂ ನಮಗ ಛಲೋನ."

ಶಿವಬಸಮ್ಮ ಸೊಸೆಯ ಮುಖ ನೋಡಿದಳು. ಎದ್ದು, ಸೆರಗು ಕೊಡವಿ, ಪಾರ್ವತೆಮ್ಮನಿಗೆ, "ಸರಿಯವಾ, ಅದು ನನ್ನ ಜಾಗ" ಎಂದು ತನ್ನ ಮೂಲೆಯಲ್ಲಿ ಹೋಗಿ ಕೂತಳು. ಕಾರು ಆ ಕಡೆಗೆ ಒಂದಿಷ್ಟು ವಾಲಿತು. ಪಾರ್ವತೆಮ್ಮ, ಕಸ್ತೂರೆಮ್ಮ ಇಬ್ಬರೂ ಹೇಗೋ ನಡುವೆ ತುರುಕಿಕೊಂಡರು.

ಹಳ್ಳಕ್ಕೆ ಇಳಿದರು. ಉಸುಕಿನಲ್ಲಿ ನಿಧಾನವಾಗಿ ಎತ್ತಿ ಹಾಕುತ್ತ ಕಾರು ನಡುವಿಗೆ ಬಂತು. ಬಂದದ್ದೇ ಉಸಿರು ಬಿಟ್ಟು ಸುಮ್ಮನಾಯಿತು.

ಕಾರಿನೊಳಗೆ ದೊಡ್ಡ ಗದ್ದಲವೆದ್ದಿತು. ಜಮೀಲಾಬೀ ಚಪ್ಪಾಳೆ ತಟ್ಟಿದಳು, ಪಾರ್ವತೆಮ್ಮ "ನಿಂತು, ನಿಂತು!" ಎಂದು ಕೂಗಿದಳು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು, ಕೆಟ್ಟು ನಿಂತ ಕಾರಿಗೆ ಇವರೇಕೆ ಇಷ್ಟು ಹಿಗ್ಗುತ್ತಾರೆಂದು ತಿಳಿಯದೆ ಎದ್ದು ನಿಂತರು. ಮರಿಸ್ವಾಮಿ ರೂಢಿಯಂತೆ ಬಾಗಿಲಿಗೆ ಕೈ ಹಾಕಿದ. ಶಿವಬಸಮ್ಮನೂ ಇಳಿಯಲು ಏಳುತ್ತಿದ್ದಳು.

"ಯಾರೂ ಇಳೀಬ್ಯಾಡ್ರಿ!" ಎಂದು ಕಸ್ತೂರೆಮ್ಮ ಕಿರುಚಿ ಅತ್ತೆಯ ತೋಳು ಹಿಡಿದಳು. "ನಾವು ಇಳಿದ ಕೂಡ್ಲೇ ಅದು ಸುದ್ದ ಆಗತೈತಿ. ಹಂಗ ಕೂಡ್ರಿ!"

ಎಲ್ಲರೂ ಹೇಗಿದ್ದರೋ ಹಾಗೇ ಕೂತರು. ಹುಸೇನಬಾಷಾ ಮುಂದಿನ ಹಲಗೆ ನೋಡಿದ. ಚಾವಿ ಹಾಕಿಯೇ ಇತ್ತು, ಕೆಂಪು ದೀಪ ಸತ್ತಿತ್ತು. ಹಾರ್ನ್ ಒತ್ತಿದ, ಅದೂ ಮೂಕ. "ಶಾಬಾಷ್ ಅಕ್ಕಾರ!" ಎಂದವನೇ ಹಗುರಾಗಿ ಇಳಿದು, ಬಲ್ಬು ಹಿಡಿದುಕೊಂಡು ಕಾರಿನ ಕೆಳಗೆ ಉಸುಕಿನಲ್ಲಿ ತೂರಿದ. ಒಂದು ತಂತಿಯನ್ನು ಬ್ಯಾಟರಿಯಿಂದ ಕರೆಂಟು ಬರುವ ಕಡೆಗೆ ಹಿಡಿದ, ಇನ್ನೊಂದನ್ನು ಕಾರಿನ ಕಬ್ಬಿಣಕ್ಕೆ ಮುಟ್ಟಿಸಿದ. ಬಲ್ಬು ಹತ್ತಲಿಲ್ಲ. ಕಬ್ಬಿಣದಿಂದ ಮರಳಿ ಬ್ಯಾಟರಿಗೆ ಹೋಗುವ ಅಗಲವಾದ ತಾಮ್ರದ ಪಟ್ಟಿಗೆ ಮುಟ್ಟಿಸಿದ. ಹತ್ತಿತು!

ಕಾರಿನ ಕೆಳಗಿನಿಂದ ಅವನ ದನಿ ಬಂತು: "ದೊಡ್ಡಮ್ಮಾ, ಒಂಚೂರು ಏಳ್ರಿ."

ಶಿವಬಸಮ್ಮ ಮುಂದಿನ ಸೀಟು ಹಿಡಿದು ಅರ್ಧ ಎದ್ದಳು. ಮುಂದಿನ ಹಲಗೆಯಲ್ಲಿ ಕೆಂಪು ದೀಪ ಪಕ್ಕನೆ ಹತ್ತಿತು.

"ಕೂಡ್ರಿ."

ಕೂತಳು. ದೀಪ ಆರಿತು.

"ಏಳ್ರಿ... ಕೂಡ್ರಿ... ಇನ್ನೊಂದ್ಸಲ ಏಳ್ರಿ."

ಎದ್ದರೆ ಹತ್ತುವುದು, ಕೂತರೆ ಆರುವುದು. ಜಮೀಲಾಬೀಗೆ ನಗು ತಡೆಯಲಾಗಲಿಲ್ಲ. ಪಾರ್ವತೆಮ್ಮನ ಕಣ್ಣಲ್ಲಿ ನೀರು ಬಂತು. ಎಂದೂ ಜೋರಾಗಿ ನಗದ ಮರಿಸ್ವಾಮಿ ಹಣೆಯನ್ನು ಸ್ಟೇರಿಂಗಿಗೆ ಹಚ್ಚಿಕೊಂಡು ನಕ್ಕ. ಏಳುತ್ತ ಕೂಡುತ್ತ ಬೆವರಿದ ಶಿವಬಸಮ್ಮ ಮೊದಲು ಬಿಗಿಯಾಗಿದ್ದವಳು, ಮಗ ನಗುವುದನ್ನು ಕಂಡು ತಾನೂ ಶುರು ಮಾಡಿದಳು. ಆಕೆ ನಕ್ಕರೆ ಕಾರೆಲ್ಲ ಅಲುಗುವುದು, ಅಲುಗಿದ ಹಾಗೆ ದೀಪವೂ ಹತ್ತಿ ಆರಿ ಹತ್ತಿ ಆರಿ ಆಕೆಯ ಜೊತೆಗೇ ನಗುವುದು.

ಹುಸೇನಬಾಷಾ ಮೈಯೆಲ್ಲ ಉಸುಕಾಗಿ ಹೊರಬಂದು ಎಲ್ಲರಿಗೂ ತಿಳಿಯುವಂತೆ ಹೇಳಿದ. ಬ್ಯಾಟರಿಯಿಂದ ಕರೆಂಟು ಹೋದರಷ್ಟೇ ಸಾಲದು, ಕಾರಿನ ಕಬ್ಬಿಣದ ಮೂಲಕ ಮರಳಿ ಮನೆಗೂ ಬರಬೇಕು. ಬರುವ ದಾರಿ ಆ ತಾಮ್ರದ ಪಟ್ಟಿ. ಅದರ ಬೋಲ್ಟಿನ ಕೆಳಗೆ ತುಕ್ಕು, ಕೆಮ್ಮಣ್ಣು ಸೇರಿತ್ತು. ಬ್ಯಾಟರಿ ಇಟ್ಟ ಹಲಗೆಯ ಎಡ ಮೂಲೆ ಕೆಳಗಿನಿಂದ ಲಡ್ಡಾಗಿ ಮೆತ್ತಗಾಗಿತ್ತು. ಆ ಮೂಲೆಯ ಮೇಲೆ ಭಾರ ಬಿದ್ದಾಗ ಬ್ಯಾಟರಿ ವಾಲಿ, ಪಟ್ಟಿ ಜಗ್ಗಿ, ಕೂದಲೆಳೆಯಷ್ಟು ಬಿಡುವುದು. ಜೋರಾಗಿ ಓಡುವಾಗ ಇಂಜಿನ್ ತನ್ನ ಕರೆಂಟು ತಾನೇ ಹುಟ್ಟಿಸಿಕೊಂಡು ನಡೆಯುವುದು, ನಿಧಾನವಾದಾಗ ಬ್ಯಾಟರಿ ಬೇಕಾಗಿ ನಿಲ್ಲುವುದು. ನೂಕಲು ಇಳಿದರೆ ಭಾರ ಹೋಗಿ ಪಟ್ಟಿ ಮತ್ತೆ ಕೂಡುವುದು.

"ಅಂದ್ರ ನಂದ ತಪ್ಪಾತಲ್ಲಪಾ?" ಎಂದಳು ಶಿವಬಸಮ್ಮ.

"ತೌಬಾ, ತೌಬಾ! ನೀವಿಲ್ಲಂದ್ರ ಈ ಬ್ಯಾನಿ ಯಾರಿಗೂ ಸಿಗ್ತಿದ್ದಿಲ್ಲ ದೊಡ್ಡಮ್ಮಾ. ನಿಮ್ಮಂಥ ಮೀಟರು ಹೈದರಾಬಾದಿನಾಗೂ ಇಲ್ರೀ!"

ಅಲ್ಲೇ ಹಳ್ಳದಲ್ಲಿ ಅವನು ಬೋಲ್ಟು ಬಿಚ್ಚಿ, ಕಬ್ಬಿಣ ಫಳಫಳ ಹೊಳೆಯುವವರೆಗೆ ಉಜ್ಜಿ, ಉದ್ದನೆಯ ಹೊಸ ಪಟ್ಟಿ ಹಾಕಿ ಬಿಗಿದ. ಹಲಗೆಯನ್ನು ಮರುದಿನ ಬಡಿಗೇರ ಬದಲಿಸಿಕೊಟ್ಟ. ಹೆಂಗಸರು ಇಳಿಯದೆ, ನೂಕದೆ ಊರಿಗೆ ಬಂದರು. ಶಿವಬಸಮ್ಮ ಬಜಾರಿನಲ್ಲಿ ಬೇಕೆಂದೇ ಕಾರು ನಿಧಾನ ಮಾಡಿಸಿ, ಚಹಾದಂಗಡಿಯ ಮುಂದೆ ಇನ್ನಷ್ಟು ನಿಧಾನ ಮಾಡಿಸಿ, ಕಿಟಕಿಯಿಂದ ಎಲ್ಲರ ಕ್ಷೇಮ ವಿಚಾರಿಸಿದಳು. ಹುಸೇನಬಾಷಾನಿಗೆ ಅವತ್ತು ಹೋಳಿಗೆ, ತುಪ್ಪ. ಅವನು ಸಾಕೆಂದರೂ ಶಿವಬಸಮ್ಮ ಬಿಡಲಿಲ್ಲ.

ಅವನೇ ಹೊರಡುವಾಗ ಮರಿಸ್ವಾಮಿಗೆ ಹೇಳಿದ, "ಧಣೇರ, ಗಾಡಿ ಮಾತಾಡಿದ್ದು ಅಕ್ಕಾರಿಗೆ ಕೇಳತೈತಿ. ಅವರಿಗೂ ಹೊಡ್ಯಾಕ ಕಲಸ್ರಿ."

ಮರಿಸ್ವಾಮಿ ಕಲಿಸಿದ. ಗುಡ್ಡದ ಹಿಂದಿನ ಬಯಲಲ್ಲಿ, ಮುಂಜಾನೆಯ ತಂಪಿನಲ್ಲಿ. ಮೊದಮೊದಲು ಕಾರು ಕಪ್ಪೆಯಂತೆ ಕುಪ್ಪಳಿಸಿತು. ಒಮ್ಮೆ ಯಾರದೋ ಹೊಲದ ಬದುವಿಗೆ ಮೂಗು ತಾಗಿಸಿತು. ಶಿವಬಸಮ್ಮ ಪಾಠಕ್ಕೂ ಜೊತೆಗೇ ಬಂದು ತನ್ನ ಮೂಲೆಯಲ್ಲಿ ಕೂಡುತ್ತಿದ್ದಳು. "ಅಂಜಬ್ಯಾಡ, ನಾ ಅದೀನಿ" ಎನ್ನುವಳು, ತಾನು ಕಣ್ಣು ಮುಚ್ಚಿಕೊಂಡು. ಸುಗ್ಗಿ ಮುಗಿಯುವ ಹೊತ್ತಿಗೆ ಕಸ್ತೂರೆಮ್ಮ ಅತ್ತೆಯನ್ನು ಕೂಡಿಸಿಕೊಂಡು ಲಿಂಗಸುಗೂರಿನ ಸಂತೆಗೆ ಹೋಗಿ ಬಂದಳು. ನೋಡಿದವರು ಒಂದಷ್ಟು ದಿನ ಬೆರಗಾದರು, ಆಮೇಲೆ ತಮ್ಮನ್ನೂ ಕರೆದುಕೊಂಡು ಹೋಗೆಂದು ಕೇಳತೊಡಗಿದರು.

ಐವತ್ತೈದರ ಬೇಸಿಗೆಯಲ್ಲಿ ಅತ್ತೆ ಸೊಸೆ ಸಿಂಧನೂರಿಗೆ ಹೊರಟಿದ್ದರು, ಸೀರೆ ಕೊಳ್ಳಲು. ದಾರಿಯಲ್ಲಿ ದೂರದಿಂದಲೇ ಹಾರ್ನ್ ಕೇಳಿಸಿತು; ಬಿಡದೆ ಬಡಿದುಕೊಳ್ಳುವ ಹಾರ್ನ್. ಹೋಗಿ ನೋಡಿದರೆ ಮದುವೆಯ ದಿಬ್ಬಣದ ವ್ಯಾನು ರಸ್ತೆಯ ಪಕ್ಕ ನಿಂತಿದೆ. ದಾರಿಯಲ್ಲಿ ಹೊರಟಿದ್ದ ಯಾರದೋ ಬಂಡಿಯ ಎತ್ತುಗಳು ಬೆದರಿ ಹೊಲ ಬಿದ್ದಿವೆ. ಬಾಸಿಂಗ ಕಟ್ಟಿಕೊಂಡ ಮದುಮಗ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಾನೆ. ವ್ಯಾನು ನಡೆಸುವ ನರಸಣ್ಣ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಮುಂಜಾನಿಂದ ಇದ ಹಾಡು ನೋಡ್ರಿ ಅಕ್ಕಾರ. ಒಮ್ಮಿ ಸುಮ್ಮನಾಗತೈತಿ, ಒಮ್ಮಿ ಒದರತೈತಿ. ತಂತಿ ಕಿತ್ತು ಒಗದೇನು ಅಂದ್ರ ಯಾವುದಂತ ತಿಳೀವಲ್ದು."

ಕಸ್ತೂರೆಮ್ಮ ಇಳಿದಳು. "ಯಾವ ಕಡೆ ತಿರುವಿದ್ರ ಒದರತೈತಿ?"

ನರಸಣ್ಣ ಯೋಚಿಸಿದ. "ಬಲಕ್ಕ... ಹೌದ್ರಿ, ಬಲಕ್ಕ ಹೊಳ್ಳಿಸಿದಾಗ."

"ಎಡಕ್ಕ ತಿರುವು ನೋಡೋಣ."

ತಿರುವಿದ. ಹಾರ್ನ್ ಥಟ್ಟನೆ ಸುಮ್ಮನಾಯಿತು. ಹೊಲದಲ್ಲಿ ಹಕ್ಕಿಗಳ ದನಿ ಕೇಳಿಸಿತು. ಕಸ್ತೂರೆಮ್ಮ ಸ್ಟೇರಿಂಗಿನ ಕೊಳವೆಯ ಬುಡಕ್ಕೆ ಬಗ್ಗಿ ಬೆರಳಾಡಿಸಿದಳು. ಹಾರ್ನಿನ ತಂತಿಯ ಮೇಲ್ಸಿಪ್ಪೆ ಕೊಳವೆಗೆ ಉಜ್ಜಿ ಉಜ್ಜಿ ಸವೆದು ತಾಮ್ರ ಬರಿದಾಗಿತ್ತು. ಬಲಕ್ಕೆ ತಿರುವಿದಾಗ ಅದು ಹೋಗಿ ಕಬ್ಬಿಣಕ್ಕೆ ಮುಟ್ಟುತ್ತಿತ್ತು. ದಿಬ್ಬಣದ ಜೊತೆ ಸೈಕಲ್ಲಿನ ಮೇಲೆ ಬಂದವನೊಬ್ಬನ ಹತ್ತಿರ ಹಳೆಯ ಟ್ಯೂಬಿನ ತುಂಡೊಂದಿತ್ತು. ಅದನ್ನು ಸೀಳಿ, ತಂತಿಗೆ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿದಳು. ನರಸಣ್ಣ ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ, ನಂಬಿಕೆಯಾಗದೆ ಮತ್ತೆ ಬಲಕ್ಕೆ ತಿರುವಿದ. ಸದ್ದಿಲ್ಲ. ದಿಬ್ಬಣದವರು ಹೋ ಎಂದು ಕೂಗಿದರು.

ಮದುಮಗನ ತಾಯಿ ಬಸ್ಸಮ್ಮ ಕಸ್ತೂರೆಮ್ಮನ ಕೈ ಹಿಡಿದುಕೊಂಡಳು, ಬಿಡಲಿಲ್ಲ. "ಮದುಮಕ್ಕಳ ಮ್ಯಾಲ ಅಕ್ಕಿಕಾಳು ಹಾಕಾಕ ನೀವು ಇರಾಕ ಬೇಕು. ನೀವು ಬರಲಿಲ್ಲಂದ್ರ ನಾವೂ ಹೊಂಡಂಗಿಲ್ಲ."

ಕಸ್ತೂರೆಮ್ಮ ಸೀರೆ ಕೊಳ್ಳಬೇಕು, ಹೊತ್ತಾಗುತ್ತದೆ ಎಂದೆಲ್ಲ ಹೇಳಿದಳು. ಅಷ್ಟರಲ್ಲಿ ಶಿವಬಸಮ್ಮ ಕಾರಿನಿಂದಲೇ, "ಊಟಕ್ಕ ಏನ್ ಮಾಡ್ಯಾರಂತ ಕೇಳು" ಎಂದಳು.

"ಮಾದಲಿ ಮಾಡೀವಿ ಯವ್ವಾ, ಬದನಿಕಾಯಿ ಪಲ್ಲೆ ಮಾಡೀವಿ!" ಎಂದು ಬಸ್ಸಮ್ಮ ಕೂಗಿ ಹೇಳಿದಳು.

"ಹಂಗಾರ ಸೀರಿ ನಾಳಿಗಿರಲಿ," ಎಂದು ಶಿವಬಸಮ್ಮ ಸರಿದು, ವ್ಯಾನಿನಲ್ಲಿ ಜಾಗ ಸಾಲದ ಇಬ್ಬರು ಮುತ್ತೈದೆಯರನ್ನು ತನ್ನ ಪಕ್ಕದಲ್ಲಿ ಕೂಡಿಸಿಕೊಂಡಳು. ಕಸ್ತೂರೆಮ್ಮ ಚಾವಿ ತಿರುಗಿಸಿದಳು. ವ್ಯಾನು ಮುಂದೆ, ಹಸಿರು ಕಾರು ಹಿಂದೆ. ಮದುವೆಯ ಊರ ಅಗಸಿ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಆಗಲೇ ಹಲಗೆ ಬಾರಿಸುತ್ತ ಎದುರುಗೊಳ್ಳಲು ಬಂದಿದ್ದರು. ಯಾರ ನೆಂಟರೆಂದು ಯಾರೂ ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟು, ಅತ್ತೆ ಸೊಸೆಯರಿಬ್ಬರನ್ನೂ ಹಂದರದ ತಂಪಿನಲ್ಲಿ, ಮೊದಲ ಪಂಕ್ತಿಯಲ್ಲಿ ಕೂಡಿಸಿದರು.